ಚಿಕ್ಕೋಡಿ ಪ್ರಾಂತದ ಶಾಲಾ ಸಮಿತಿಗಳೂ ಸಾಲೆಗಳ ಆಡಳಿತವೂ

ನಾಡಿನ ಏಳ್ಗೆಯು ಹಳ್ಳಿಯ ಸಾಲೆಯನ್ನು ಅವಲಂಬಿಸಿದೆಯೆಂಬ ಮಾತನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಆ ಸಾಲೆಯನ್ನು ನಡೆಯಿಸುವ ಹೊಣೆ ಯಾರದು, ಮಾಸ್ತರರು ಬಾರದ ದಿವಸ ಅವರನ್ನು ಕೇಳುವ ಹಕ್ಕು ಯಾರಿಗಿದೆ, ಮಳೆಗಾಲದಲ್ಲಿ ಸೋರುವ ಮಾಳಿಗೆಯನ್ನು ದುರಸ್ತ ಮಾಡಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಒಂದೊಂದು ಕಾಲಕ್ಕೆ ಒಂದೊಂದು ಉತ್ತರವು ದೊರೆತಿದೆ. ಒಮ್ಮೆ ಊರಿನವರೇ ಎಂದರು, ಒಮ್ಮೆ ಸರಕಾರವೆಂದರು, ಮತ್ತೊಮ್ಮೆ ಜಿಲ್ಹೆಯ ಬೋರ್ಡು ಎಂದರು, ಈಗ ಮಕ್ಕಳ ತಂದೆತಾಯಿಗಳಿಂದ ಕೂಡಿದ ಶಾಲಾ ಸಮಿತಿಯೆನ್ನುತ್ತಾರೆ. ಈ ಉತ್ತರಗಳ ಇತಿಹಾಸವನ್ನು ಬೆಳಗಾವಿ ಜಿಲ್ಹೆಯ ಉತ್ತರ ಭಾಗದ ಐದು ತಾಲೂಕುಗಳ ದೃಷ್ಟಾಂತದಿಂದ ನಿರೂಪಿಸಿ, ಸಮಿತಿಗಳಿಂದ ಸಾಲೆಗಳ ಆಡಳಿತದ ಮೇಲೆ ಯಾವ ಪರಿಣಾಮವಾಯಿತೆಂಬದನ್ನು ವಿಚಾರಿಸುವದು ಈ ಲೇಖನದ ಉದ್ದೇಶವಾಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳು ಕೃಷ್ಣಾ ನದಿಯ ಮತ್ತು ಅದನ್ನು ಕೂಡುವ ದೂಧಗಂಗೆ ವೇದಗಂಗೆಗಳ ನೀರುಂಡ ನೆಲಗಳು. ಇವುಗಳ ಪಡುವಣಕ್ಕೆ ಕೊಲ್ಲಾಪುರ, ಬಡಗಣಕ್ಕೆ ಸಾಂಗಲಿ ಜಿಲ್ಹೆಗಳು ಇರುತ್ತವೆ. ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ಸ್ವತಂತ್ರ ತಾಲೂಕುಗಳಾದದ್ದು ಈಚಿನ ವರ್ಷಗಳಲ್ಲಿ. ವಿದ್ಯಾಖಾತೆಯ ಲೆಕ್ಕದಲ್ಲಿ ಮಾತ್ರ ಅವು ಅದಕ್ಕೂ ಮೊದಲಿನಿಂದಲೇ ಬೇರೆ ವಲಯಗಳಾಗಿದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿ ವಲಯಗಳೊಡನೆ ಕೂಡಿ ಇವು ಚಿಕ್ಕೋಡಿ ಶೈಕ್ಷಣಿಕ ಜಿಲ್ಹೆಯೆನಿಸಿವೆ. ಇಲ್ಲಿಯ ಜನರ ಮನೆಮಾತು ಬಹುಭಾಗ ಕನ್ನಡ. ನಿಪ್ಪಾಣಿಯ ಸುತ್ತಲೂ ಗಡಿಯ ಹಳ್ಳಿಗಳಲ್ಲಿಯೂ ಮರಾಠಿ. ಕುಡಚಿ ಮೊದಲಾದ ಊರುಗಳಲ್ಲಿ ಉರ್ದೂ. ಮೂರು ಭಾಷೆಗಳ ಸರಕಾರೀ ಸಾಲೆಗಳೂ ಇಲ್ಲಿ ನಡೆದಿವೆ. ರಾಜಕೀಯದಲ್ಲಿಯೂ ಈ ಪ್ರಾಂತವು ಬಹುಕಾಲ ಒಂದೇ ಆಗಿರಲಿಲ್ಲ. ೧೮೧೮ರಲ್ಲಿ ಪೇಶ್ವೆಯರ ಆಳಿಕೆಯು ಕೊನೆಗಂಡ ಬಳಿಕ ಚಿಕ್ಕೋಡಿ ಅಥಣಿಗಳು ಹಂತಹಂತವಾಗಿ ಮುಂಬಯಿ ಇಲಾಖೆಯನ್ನು ಸೇರಿದರೆ, ರಾಯಬಾಗವು ೧೯೪೯ರಲ್ಲಿ ಆ ಸಂಸ್ಥಾನವು ವಿಲೀನವಾಗುವ ವರೆಗೂ ಕೊಲ್ಲಾಪುರದ ಛತ್ರಪತಿಗಳ ಆಳಿಕೆಯಲ್ಲಿತ್ತು. ಆದಕಾರಣ ಒಂದೇ ನದಿಯ ಎರಡು ದಂಡೆಗಳಲ್ಲಿ ಎರಡು ಬಗೆಯ ವಿದ್ಯಾಪದ್ಧತಿಗಳು ನಡೆದುಬಂದವು.

ಆಂಗ್ಲರ ಸಾಲೆಗಳು ಬರುವ ಮುನ್ನ ಊರೂರಿಗೆ ಗಾಂವಠೀ ಸಾಲೆಗಳಿದ್ದವು. ಮಠದ ಜಗಲಿಯೋ ಗುಡಿಯ ಪೌಳಿಯೋ ಅನುಕೂಲಸ್ಥರ ಪಡಸಾಲೆಯೋ ಅವುಗಳ ಸ್ಥಾನವಾಗಿತ್ತು. ಓದಿಸುವ ಐಗಳಿಗೆ ಊರಿನವರು ಸುಗ್ಗಿಯಲ್ಲಿ ಕಾಳು, ಹಬ್ಬಹುಣ್ಣಿವೆಗಳಲ್ಲಿ ಕಾಣಿಕೆ ಕೊಡುತ್ತಿದ್ದರು. ಈ ಪ್ರಾಂತದಲ್ಲಿ ಇಂದಿಗೂ ಅನೇಕ ಜಂಗಮ ಮನೆತನಗಳಿಗಿರುವ ಸಾಲಿಮಠವೆಂಬ ಅಡ್ಡಹೆಸರು ಆ ಕಾಲದ ಕುರುಹಾಗಿದೆ. ಅಂಥ ಸಾಲೆಗೆ ಕಮಿಟಿಯಿರಲಿಲ್ಲ, ಠರಾವು ಪುಸ್ತಕವಿರಲಿಲ್ಲ. ಕಲಿಸದ ಐಗಳಿಗೆ ಕಾಳು ಬರುತ್ತಿರಲಿಲ್ಲ. ಕಾಳು ಬಾರದ ಊರಿನಲ್ಲಿ ಐಗಳು ನಿಲ್ಲುತ್ತಿರಲಿಲ್ಲ. ಕೊಡುವವರೂ ಕೇಳುವವರೂ ಒಬ್ಬರೇ ಆಗಿದ್ದದ್ದೇ ಆ ಕಾಲದ ಆಡಳಿತವೆನ್ನಬಹುದು. ಆದರೆ ಅದರ ದೋಷವೂ ಸಣ್ಣದಲ್ಲ. ಕೊಡಲು ಶಕ್ತಿಯಿಲ್ಲದವರ ಮಕ್ಕಳಿಗೂ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಆ ಜಗಲಿಯ ಮೇಲೆ ಸಾಮಾನ್ಯವಾಗಿ ಎಡೆಯಿರಲಿಲ್ಲ. ಊರ ಸಾಲೆಯೆಂಬ ಮಾತಿನಲ್ಲಿಯ ಊರು ಎಂದರೆ ಊರಿನ ಒಂದು ಪಾಲು ಮಾತ್ರವೇ ಆಗಿತ್ತು.

ಮುಂಬಯಿಯಲ್ಲಿ ೧೮೪೦ರಲ್ಲಿ ವಿದ್ಯಾಮಂಡಳಿಯು ಸ್ಥಾಪಿತವಾಯಿತು. ೧೮೫೪ರ ವುಡ್ ಸಾಹೇಬರ ಖಲೀತೆಯ ತರುವಾಯ, ೧೮೫೫ರಲ್ಲಿ, ವಿದ್ಯಾಖಾತೆಯು ಹುಟ್ಟಿತು. ಆ ದಿನಗಳಲ್ಲಿ ಹಳ್ಳಿಗಳಲ್ಲಿ ಸಾಲೆಗಳನ್ನು ಹೆಚ್ಚಿಸಲು ಕೈಕೊಂಡ ಪದ್ಧತಿಯು ಗಮನಾರ್ಹವಾಗಿದೆ. ಸಾಲೆಯು ಬೇಕೆನ್ನುವ ಊರಿನವರು ಮಾಸ್ತರರ ಪಗಾರದ ಅರ್ಧ ಭಾಗವನ್ನು ತಾವು ಕೊಡಬೇಕು, ಸಾಲೆಯ ಮನೆಯನ್ನು ತಾವೇ ಒದಗಿಸಬೇಕು. ಉಳಿದ ಅರ್ಧ ಪಗಾರವನ್ನು ಸರಕಾರವು ಕೊಡುವದು. ಇವುಗಳಿಗೆ ಅರ್ಧ ಸ್ವಾವಲಂಬೀ ಸಾಲೆಗಳೆಂದು ಹೆಸರಾಯಿತು. ತೋರಿಕೆಗೆ ಇದು ನ್ಯಾಯವಾದ ಪಾಲುಗಾರಿಕೆಯೇ ಸರಿ. ಆದರೆ ಪಾಠಕ್ರಮವೂ ಪರೀಕ್ಷಣವೂ ಸರಕಾರದ ಕೈಯಲ್ಲಿಯೇ ಉಳಿದವು. ವರ್ಗಣಿಯನ್ನು ಕೂಡಿಸುವ ಕೆಲಸ ಮಾತ್ರ ಊರಿನ ಹಿರಿಯರ ಪಾಲಿಗೆ ಬಂದಿತು. ಮಳೆ ಕೈಕೊಟ್ಟ ವರ್ಷ ವರ್ಗಣಿಯು ನಿಲ್ಲುವದು, ವರ್ಗಣಿಯು ನಿಂತಲ್ಲಿ ಮಾಸ್ತರರ ಪಗಾರವು ಬಾಕಿಯುಳಿಯುವದು. ಅಮಲದಾರರ ದಾಕ್ಷಿಣ್ಯಕ್ಕಾಗಿ ಕೊಟ್ಟವರೇ ಹೆಚ್ಚಾಗಿ, ಮನಸ್ಸಿನಿಂದ ಕೊಟ್ಟವರು ಕಡಿಮೆಯಾದರು. ಊರಿನವರ ಮೇಲೆ ಭಾರವನ್ನು ಹೊರಿಸಿ ಅಧಿಕಾರವನ್ನು ಕೊಡದಿದ್ದರೆ ಏನಾಗುವದೆಂಬದಕ್ಕೆ ಇದು ಮೊದಲನೆಯ ಪಾಠವಾಯಿತು.

ಈ ಕಾಲದಲ್ಲಿ ಇನ್ನೊಂದು ತೊಡಕೂ ಇದ್ದಿತು. ಕನ್ನಡ ಪ್ರಾಂತದ ಎಷ್ಟೋ ಊರುಗಳಲ್ಲಿ ಸರಕಾರದವರು ತೆರೆದದ್ದು ಮರಾಠೀ ಸಾಲೆಗಳನ್ನು. ಮಾಸ್ತರರ ಮಾತು ಮನೆಯವರಿಗೆ ತಿಳಿಯದು, ಮನೆಯವರ ಮಾತು ಸಾಲೆಯಲ್ಲಿ ಸಲ್ಲದು. ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ವಿದ್ಯಾಖಾತೆಯೊಳಗಿದ್ದುಕೊಂಡೇ ಈ ಅನ್ಯಾಯವನ್ನು ಮೇಲಿನವರಿಗೆ ಮನಗಾಣಿಸಿ, ಕನ್ನಡ ಮಕ್ಕಳಿಗೆ ಕನ್ನಡ ಸಾಲೆಗಳಾಗುವಂತೆ ದುಡಿದದ್ದು ಕರ್ನಾಟಕದ ವಾಚಕರಿಗೆ ವಿದಿತವೇ ಇದೆ. ಸಾಲೆಯ ಆಡಳಿತದಲ್ಲಿ ಜನರು ಕೈಗೂಡಿಸಬೇಕಾದರೆ ಮೊದಲು ಆ ಸಾಲೆಯು ಜನರ ಮಾತಿನಲ್ಲಿ ನಡೆಯಬೇಕೆಂಬದು ಅವರ ಕಾರ್ಯದಿಂದ ಸಿದ್ಧವಾದ ತತ್ವವಾಗಿದೆ.

ವರ್ಗಣಿಯ ಪದ್ಧತಿಯು ಸಾಗದೆ ಹೋದ್ದರಿಂದ ೧೮೬೦ರ ದಶಕದಲ್ಲಿ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಲೋಕಲ್ ಫಂಡ ಪಟ್ಟಿಯನ್ನು ಹೇರಲಾಯಿತು. ೧೮೬೯ರಲ್ಲಿ ಅದಕ್ಕೆ ಕಾಯದೆಯ ಬಲವೂ ಬಂದಿತು. ಅದರ ಮೂರರಲ್ಲಿ ಒಂದು ಪಾಲು ವಿದ್ಯೆಗೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ ಎಂದು ಗೊತ್ತಾಯಿತು. ಇದರಿಂದ ಸಾಲೆಗಳ ಸಂಖ್ಯೆಯು ಬೆಳೆಯಿತು, ಮಾಸ್ತರರ ಪಗಾರವು ಕಾಲಕ್ಕೆ ಸರಿಯಾಗಿ ಬರಹತ್ತಿತು. ಬಡವನಾದ ಒಕ್ಕಲಿಗನ ಮಗನಿಗೂ ಸಾಲೆಯ ಬಾಗಿಲು ಹಿಂದಿಗಿಂತ ಹೆಚ್ಚು ತೆರೆಯಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ಅದೇ ಹೊತ್ತಿಗೆ ಸಾಲೆಗೂ ಊರಿಗೂ ಇದ್ದ ನೇರವಾದ ಸಂಬಂಧವು ಕಡಿಯಿತು. ಒಕ್ಕಲಿಗನು ಕೊಟ್ಟ ಆಣೆಯು ಖಜಾನೆಗೆ ಹೋಗಿ ಪಗಾರವಾಗಿ ತಿರುಗಿ ಬರುವಷ್ಟರಲ್ಲಿ ಅದು ತನ್ನದೆಂಬ ಅರಿವು ಅವನಿಗೆ ಉಳಿಯಲಿಲ್ಲ. ಮಾಸ್ತರರು ಇನಸ್ಪೆಕ್ಟರರಿಗೆ ಅಂಜುವರು. ಇನಸ್ಪೆಕ್ಟರರಾದರೋ ಎಂದೋ ಒಮ್ಮೆ ಕುದುರೆಯ ಮೇಲೆ ಬಂದು ಮಕ್ಕಳ ಪರೀಕ್ಷೆ ಮಾಡಿ ಹೋಗುವರು. ಸರಕಾರೀ ಸಾಲೆಯೆಂಬ ಮಾತು ಜನರ ಬಾಯಲ್ಲಿ ಬೇರೂರಿದ್ದು ಈ ಕಾಲದಲ್ಲಿಯೇ.

೧೮೮೨ರ ಹಂಟರ ಕಮಿಶನ್ನು ಪ್ರಾಥಮಿಕ ವಿದ್ಯೆಯನ್ನು ಸ್ಥಾನಿಕ ಸಂಸ್ಥೆಗಳಿಗೆ ಒಪ್ಪಿಸಬೇಕೆಂದು ಸೂಚಿಸಿತು. ೧೮೮೪ರಲ್ಲಿ ಮುಂಬಯಿ ಲೋಕಲ್ ಬೋರ್ಡಗಳ ಕಾಯದೆಯಾಯಿತು. ೧೯೧೮ರಲ್ಲಿ ವಿಠ್ಠಲಭಾಯಿ ಪಟೇಲರ ಯತ್ನದಿಂದ ಪ್ರಾಥಮಿಕ ಶಿಕ್ಷಣದ ಮೊದಲನೆಯ ಕಾಯದೆಯೂ, ೧೯೨೩ರಲ್ಲಿ ಅದಕ್ಕಿಂತ ವಿಸ್ತಾರವಾದ ಎರಡನೆಯ ಕಾಯದೆಯೂ ಬಂದವು. ಎರಡನೆಯದರಿಂದ ಸಾಲೆಗಳ ಆಡಳಿತವು ಜಿಲ್ಹಾ ಸ್ಕೂಲ್ ಬೋರ್ಡಗಳ ಕೈಸೇರಿತು. ಜನರಿಂದ ಆರಿಸಲ್ಪಟ್ಟವರು ಸಾಲೆಗಳನ್ನು ನಡೆಯಿಸುವ ಕಾಲವು ಬಂದಿತೆಂದು ಅನೇಕರು ಹರ್ಷಿಸಿದರು. ಆದರೆ ಬೋರ್ಡು ಇದ್ದದ್ದು ಬೆಳಗಾವಿಯಲ್ಲಿ. ಅಥಣಿಯ ಮೂಡಣ ಸೀಮೆಯ ಹಳ್ಳಿಗನಿಗೆ ಪುಣೆಯ ಸಾಹೇಬನು ಎಷ್ಟು ದೂರವೋ ಬೆಳಗಾವಿಯ ಸಭಾಸದನೂ ಸುಮಾರು ಅಷ್ಟೇ ದೂರದವನಾಗಿದ್ದನು. ಆರಿಸಿ ಬಂದವರಿಗೆ ಮಾಸ್ತರರ ನೇಮಕ ಬದಲಿಗಳು ಒಂದು ದೊಡ್ಡ ಅಸ್ತ್ರವಾಗಿ ದೊರೆತವು. ಸ್ಥಾನಿಕ ಸಂಸ್ಥೆಗಳಿಗೆ ಮಿತಿಮೀರಿ ಅಧಿಕಾರವನ್ನು ಬಿಟ್ಟುಕೊಟ್ಟದ್ದರಿಂದ ಹಾನಿಯಾಗಿದೆಯೆಂದು ೧೯೨೯ರ ಹಾರ್ಟಾಗ ಕಮಿಟಿಯು ಇಡಿಯ ಹಿಂದುಸ್ಥಾನವನ್ನು ಕುರಿತು ಬರೆಯಿತು. ೧೯೩೮ರ ತಿದ್ದುಪಡಿಯಿಂದಲೂ ೧೯೪೭ರ ಹೊಸ ಕಾಯದೆಯಿಂದಲೂ ಮುಂಬಯಿ ಸರಕಾರವು ಸಡಲಿಸಿದ ಹಗ್ಗವನ್ನು ಮತ್ತೆ ಎಳೆದುಕೊಂಡಿತು. ಇಲ್ಲಿ ದೊರೆತ ಎರಡನೆಯ ಪಾಠವೇನೆಂದರೆ, ಅಧಿಕಾರವು ಮಕ್ಕಳ ಮನೆಯವರಿಂದ ದೂರದವರ ಕೈಗೆ ಹೋದರೆ ಅದು ಸಾಲೆಯ ಹಿತಕ್ಕಿಂತ ಚುನಾವಣೆಯ ಹಿತಕ್ಕೆ ಬಳಕೆಯಾಗುವ ಭಯವುಂಟು.

ಕೃಷ್ಣೆಯ ಬಳಿಯ ರಾಯಬಾಗದ ವೃತ್ತಾಂತವು ಬೇರೆಯಾಗಿದ್ದಿತು. ಕೊಲ್ಲಾಪುರದ ಶಾಹೂ ಮಹಾರಾಜರು ೧೯೧೭ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡುವ ಆಜ್ಞೆಯನ್ನು ಹೊರಡಿಸಿದರು. ಮಕ್ಕಳನ್ನು ಸಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡವನ್ನು ಗೊತ್ತುಮಾಡಿದರು. ಹಿಂದುಳಿದವರಿಗೂ ಅಸ್ಪೃಶ್ಯರಿಗೂ ವಿದ್ಯೆಯನ್ನು ಮುಟ್ಟಿಸಬೇಕೆಂಬ ಅವರ ಹಟವು ಸ್ತುತ್ಯವಾದದ್ದು. ಆದರೂ ಅಲ್ಲಿ ಎಲ್ಲವೂ ಅರಸನ ಇಚ್ಛೆಯಿಂದಲೇ ನಡೆಯಬೇಕಾಗಿದ್ದಿತು. ದಂಡ ತೆರುವ ಪಾಲಕನುಂಟು. ಸಾಲೆಯ ಲೆಕ್ಕವನ್ನು ಕೇಳುವ ಪಾಲಕನೆಂಬವನು ಆ ವ್ಯವಸ್ಥೆಯಲ್ಲಿ ಇರಲಿಲ್ಲ.

೧೯೫೬ರ ನವಂಬರ ೧ರಂದು ಈ ಪ್ರಾಂತವು ಬೆಳಗಾವಿ ಜಿಲ್ಹೆಯೊಡನೆ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ೧೯೬೧ರಲ್ಲಿ ರಾಜ್ಯಕ್ಕೆಲ್ಲ ಒಂದೇ ಆದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯದೆಯಾಯಿತು. ಆ ಬಳಿಕ ಬಹು ವರ್ಷಗಳ ವರೆಗೆ ಸಾಲೆಗಳ ಆಡಳಿತವು ಖಾತೆಯ ಅಧಿಕಾರಿಗಳಿಂದಲೇ ನಡೆಯಿತು. ಊರಿನ ಹಿರಿಯರಿಂದ ಕೂಡಿದ ಶಾಲಾ ಅಭಿವೃದ್ಧಿಯ ಮಂಡಳಿಗಳು ಅಲ್ಲಲ್ಲಿ ಇದ್ದವು. ಗೌಡರೋ ದೇಸಾಯರೋ ದೊಡ್ಡ ವ್ಯಾಪಾರಸ್ಥರೋ ಅವುಗಳ ಅಧ್ಯಕ್ಷರಾಗುವರು; ಸ್ವಾತಂತ್ರ್ಯೋತ್ಸವದ ದಿವಸ ಪೇಢೆ ಹಂಚುವದು, ಕೋಣೆಗೊಂದು ದೇಣಿಗೆ ಕೊಡಿಸುವದು ಅವರ ಕಾರ್ಯವಾಗಿದ್ದಿತು. ಈ ದಾನಿಗಳಿಂದ ಸಾಲೆಗಳಿಗೆ ಜಾಗವೂ ಕಟ್ಟಡವೂ ದೊರೆತದ್ದು ಸತ್ಯ. ಅಥಣಿ, ರಾಯಬಾಗ, ಚಿಕ್ಕೋಡಿಗಳ ಕಡೆಗೆ ಊರನ್ನು ಬಿಟ್ಟು ಹೊಲದಲ್ಲಿಯೇ ಮನೆಮಾಡಿಕೊಂಡ ಒಕ್ಕಲುಗಳು ಬಹಳ. ಅವರ ಮಕ್ಕಳಿಗಾಗಿ ಒಂದೊಂದು ಮನೆತನದವರು ತಮ್ಮ ಹೊಲದ ತುಣುಕನ್ನು ಬಿಟ್ಟುಕೊಟ್ಟ ಕಡೆಯಲ್ಲಿ ತೋಟದ ಸಾಲೆಗಳು ಹುಟ್ಟಿದವು. ಇಂಥ ಎಷ್ಟೋ ಸಾಲೆಗಳು ಇಂದಿಗೂ ಆ ಮನೆತನದ ಹೆಸರಿನ ತೋಟದ ಸಾಲೆಗಳೆಂದೇ ಕರೆಯಲ್ಪಡುತ್ತವೆ. ಆದರೆ ಕೂಲಿಯವನ ಮಗನೂ ಅದೇ ಸಾಲೆಯಲ್ಲಿ ಓದುತ್ತಿರಲು, ಆ ಕೂಲಿಯವನಿಗೆ ಮಂಡಳಿಯಲ್ಲಿ ಸ್ಥಾನವು ದೊರೆಯುವದು ಅಪರೂಪವಾಗಿದ್ದಿತು.

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಪಂಚಾಯತಿಗಳಿಗೆ ಘಟನೆಯ ಆಧಾರವನ್ನು ಕೊಟ್ಟ ೭೩ನೆಯ ತಿದ್ದುಪಡಿಯೂ, ೧೯೯೩ರ ಕರ್ನಾಟಕ ಪಂಚಾಯತ ರಾಜ್ ಕಾಯದೆಯೂ ಗಾಳಿಯ ದಿಕ್ಕನ್ನು ತಿರುಗಿಸಿದವು. ೧೯೯೦ರ ದಶಕದಲ್ಲಿ ಜಿಲ್ಹಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಕರ್ನಾಟಕದಲ್ಲಿ ಆರಂಭವಾದಾಗ ಮೊದಲು ಆರಿಸಿದ ನಾಲ್ಕು ಜಿಲ್ಹೆಗಳಲ್ಲಿ ಬೆಳಗಾವಿಯೂ ಒಂದು. ಉಳಿದವು ಕೋಲಾರ, ಮಂಡ್ಯ, ರಾಯಚೂರು. ಗ್ರಾಮ ಶಿಕ್ಷಣ ಸಮಿತಿಗಳ ರೂಢಿಯು ಈ ಪ್ರಾಂತಕ್ಕೆ ಆಗ ಚೆನ್ನಾಗಿ ಪರಿಚಯವಾಯಿತು. ಆದರೆ ಆ ಸಮಿತಿಯು ಗ್ರಾಮಕ್ಕೊಂದು, ಸಾಲೆಗೊಂದಲ್ಲ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯು ಪ್ರತಿಯೊಂದು ಸಾಲೆಗೂ ಅದರ ಮಕ್ಕಳ ಪಾಲಕರದೇ ಸಮಿತಿಯಿರಬೇಕೆಂದು ಸೂಚಿಸಿತು. ಅದರ ಮೇರೆಗೆ ೨೦೦೧ನೆಯ ಇಸವಿಯ ಎಪ್ರಿಲ ೨೮ರ ಸರಕಾರೀ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅಸ್ತಿತ್ವಕ್ಕೆ ಬಂದವು. ಪಾಲಕರ ಸಭೆಯಿಂದ ಒಂಬತ್ತು ಸಭಾಸದರನ್ನು ಆರಿಸುವದು, ಅವರಲ್ಲಿ ಸ್ತ್ರೀಯರಿಗೂ ಪರಿಶಿಷ್ಟರಿಗೂ ಅಲ್ಪಸಂಖ್ಯಾತರಿಗೂ ಸ್ಥಾನವನ್ನು ಕಾಯ್ದಿಡುವದು, ಪಾಲಕರಲ್ಲಿಯೇ ಒಬ್ಬರು ಅಧ್ಯಕ್ಷರಾಗುವದು, ಮುಖ್ಯಾಧ್ಯಾಪಕರು ಕಾರ್ಯದರ್ಶಿಗಳಾಗಿ ದಫ್ತರವನ್ನು ನೋಡುವದು—ಇದು ಅದರ ಸ್ಥೂಲವಾದ ಸ್ವರೂಪ. ೨೦೦೬ರಲ್ಲಿ ಇವುಗಳಿಗೆ ಪಂಚಾಯತ ರಾಜ್ ಕಾಯದೆಯ ಆಧಾರದ ಮೇಲೆ ಮಾದರಿ ಉಪನಿಯಮಗಳಾದವು.

೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯು ೨೦೧೦ರ ಎಪ್ರಿಲ ೧ರಿಂದ ಜಾರಿಗೆ ಬಂದು, ಆದೇಶದಿಂದ ಹುಟ್ಟಿದ ಸಮಿತಿಗೆ ಶಾಸನದ ಗಟ್ಟಿತನವನ್ನು ಕೊಟ್ಟಿತು. ಅದರ ೨೧ನೆಯ ಕಲಮಿನಂತೆ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸಭಾಸದರು ಪಾಲಕರೇ ಆಗಿರಬೇಕು. ಒಟ್ಟು ಸಭಾಸದರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಸಾಲೆಯ ಕೆಲಸವನ್ನು ನೋಡಿಕೊಳ್ಳುವದು, ಬಂದ ಅನುದಾನವು ಸರಿಯಾಗಿ ವೆಚ್ಚವಾಯಿತೋ ಇಲ್ಲವೋ ನೋಡುವದು, ೨೨ನೆಯ ಕಲಮಿನಂತೆ ಸಾಲೆಯ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಗೊಳಿಸುವದು ಅದರ ಕರ್ತವ್ಯಗಳು. ಸಾಲಿಮಠದ ಜಗಲಿಯ ಮೇಲೆ ಯಾರಿಗೆ ಎಡೆಯಿರಲಿಲ್ಲವೋ ಅವರ ಮಗಳ ತಾಯಿಗೆ, ಸಾಲೆಯ ಖರ್ಚಿನ ಪುಸ್ತಕವನ್ನು ತೆರೆದು ತೋರಿಸಿರೆಂದು ಕೇಳುವ ಹಕ್ಕನ್ನು ಶಾಸನವು ಕೊಟ್ಟಿತು.

ಇನ್ನು ಇದರಿಂದ ಆಡಳಿತದಲ್ಲಿ ಆದ ಪರಿವರ್ತನೆಯನ್ನು ನೋಡಬೇಕು. ಮೊದಲನೆಯದಾಗಿ, ಹಣವು ಸಾಲೆಯ ವರೆಗೆ ಬಂದಿತು. ೨೦೦೧ರಲ್ಲಿ ಮೊದಲಾದ ಸರ್ವ ಶಿಕ್ಷಾ ಅಭಿಯಾನದಲ್ಲಿ ಸಾಲೆಯ ಸಣ್ಣಪುಟ್ಟ ವೆಚ್ಚದ ಮತ್ತು ದುರಸ್ತಿಯ ಅನುದಾನಗಳು ಸಮಿತಿಯ ಬ್ಯಾಂಕ ಖಾತೆಗೆ ಬರಹತ್ತಿದವು. ಅಧ್ಯಕ್ಷರೂ ಮುಖ್ಯಾಧ್ಯಾಪಕರೂ ಕೂಡಿ ಸಹಿ ಮಾಡದೆ ಹಣವು ಹೊರಬೀಳದು. ಹೊಸ ಕೋಣೆಗಳ ಕಟ್ಟಡವನ್ನು ಕಾಂತ್ರಾಟದಾರನಿಗೆ ಕೊಡದೆ ಸಮಿತಿಯ ಮುಖಾಂತರವೇ ಮಾಡಿಸಿದ ಉದಾಹರಣೆಗಳು ಅನೇಕ. ಊರಿನ ಗವಂಡಿಯೇ ಗೋಡೆ ಕಟ್ಟುವಾಗ, ಉಸುಕು ಸಿಮೆಂಟುಗಳ ಪ್ರಮಾಣವನ್ನು ಹಾದುಹೋಗುವ ಪಾಲಕನೂ ನಿಂತು ನೋಡುವನು. ಎರಡನೆಯದಾಗಿ, ಮಧ್ಯಾಹ್ನದ ಊಟ. ೨೦೦೨ರಲ್ಲಿ ರಾಜ್ಯದ ಈಶಾನ್ಯ ಜಿಲ್ಹೆಗಳಲ್ಲಿ ಮೊದಲಾಗಿ ಮರುವರ್ಷ ಬೆಳಗಾವಿ ಸೀಮೆಗೂ ಬಂದ ಅಕ್ಷರ ದಾಸೋಹವು ದಿನವೂ ಕಣ್ಣಿಗೆ ಕಾಣುವ ವ್ಯವಹಾರ. ದಾಸೋಹವೆಂಬ ಮಾತು ಮಠಗಳಿಗೆ ಹೊಸದಲ್ಲ. ಪಂಕ್ತಿಭೇದವಿಲ್ಲದೆ ಬಡಿಸುವದೇ ಅದರ ಜೀವಾಳ. ಅಕ್ಕಿ ಬೇಳೆಗಳ ತೂಕ, ಅಡಿಗೆಯ ಶುಚಿ, ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತರೋ ಇಲ್ಲವೋ ಎಂಬ ವಿಷಯಗಳಲ್ಲಿ ತಾಯಂದಿರ ಕಣ್ಣಿಗಿಂತ ಹರಿತವಾದ ಇನಸ್ಪೆಕ್ಟರನಿಲ್ಲ. ಮೂರನೆಯದಾಗಿ, ಹಾಜರಿ. ಮಾಸ್ತರರು ಹೊತ್ತಿಗೆ ಬಂದರೋ ಎಂಬದನ್ನು ವಲಯದ ಶಿಕ್ಷಣಾಧಿಕಾರಿಗಳು ದಿನಾಲು ನೋಡಲಾರರು. ಸಾಲೆಯ ಎದುರಿಗೆ ಮನೆಯಿರುವ ಸಭಾಸದನು ನೋಡಬಲ್ಲನು. ಸಮುದಾಯದತ್ತ ಸಾಲೆಯೆಂಬ ಕಾರ್ಯಕ್ರಮದಲ್ಲಿ ಪಾಲಕರ ಮುಂದೆ ಮಕ್ಕಳ ಕಲಿಕೆಯನ್ನು ತೋರಿಸುವ ರೂಢಿಯೂ ಬೆಳೆಯಿತು.

ಆದರೆ ಸಮಿತಿಯು ಇದ್ದಲ್ಲೆಲ್ಲ ಇಂಥ ಫಲವಾಯಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಕರ್ನಾಟಕವೂ ಸೇರಿ ಮೂರು ರಾಜ್ಯಗಳ ಹಳ್ಳಿಗಳಲ್ಲಿ ಜಾಗತಿಕ ಬ್ಯಾಂಕಿನ ಸಂಶೋಧಕರು ೨೦೦೬ರಲ್ಲಿ ಒಂದು ಪ್ರಯೋಗವನ್ನು ನಡೆಯಿಸಿದರು. ಸಮಿತಿಯ ಅಧಿಕಾರಗಳೇನೆಂಬದನ್ನು ಕೆಲವು ಹಳ್ಳಿಗಳಲ್ಲಿ ಸಭೆ ಕೂಡಿಸಿ ಜನರಿಗೆ ತಿಳಿಯಹೇಳಿ, ಹಾಗೆ ಹೇಳದ ಹಳ್ಳಿಗಳೊಡನೆ ಅವುಗಳನ್ನು ಹೋಲಿಸಿದರು. ೨೦೦೯ರಲ್ಲಿ ಪ್ರಕಟವಾದ ಅವರ ವರದಿಯ ತಾತ್ಪರ್ಯವಿಷ್ಟು: ತಿಳುವಳಿಕೆಯು ಮುಟ್ಟಿದ ಕಡೆ ಸಮಿತಿಯ ಚಟುವಟಿಕೆಯೂ ಶಿಕ್ಷಕರ ಶ್ರಮವೂ ಸಾಮಾನ್ಯವಾಗಿ ಹೆಚ್ಚಿದವು, ಮಕ್ಕಳ ಕಲಿಕೆಯಲ್ಲಾದ ಲಾಭ ಮಾತ್ರ ಅಲ್ಪವೇ. ಅಂದಮೇಲೆ ಸಭಾಸದರಿಗೆ ತಮ್ಮ ಹಕ್ಕು ಗೊತ್ತಿರದ ಸಮಿತಿಯು ಕಾಗದದ ಮೇಲಿನ ಸಮಿತಿಯೇ ಸರಿ. ಠರಾವು ಪುಸ್ತಕವು ಅಧ್ಯಕ್ಷರ ಮನೆಗೆ ಹೋಗಿ ಸಹಿಯಾಗಿ ತಿರುಗಿ ಬರುವದು, ಹೆಣ್ಣು ಸಭಾಸದಳ ಹೆಸರಿನ ಮುಂದೆ ಅವಳ ಗಂಡನು ಸಹಿ ಮಾಡುವದು, ಓದುಬಾರದವರಿಂದ ಬರಿದಾದ ಪುಟಕ್ಕೆ ಹೆಬ್ಬೆಟ್ಟು ಒತ್ತಿಸುವದು—ಇವು ಸಮಿತಿಯ ಜೀವವನ್ನು ಹೀರುವ ರೋಗಗಳು.

ಈ ಪ್ರಾಂತದ ಜೀವನಕ್ರಮವೂ ಸಮಿತಿಗಳ ನಡೆಯನ್ನು ನಿರ್ಧರಿಸುತ್ತದೆ. ನಿಪ್ಪಾಣಿಯು ತಂಬಾಕಿನ ಪೇಟೆ. ಅಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕೂಲಿಯು ಸಾವಿರ ಬೀಡಿಯ ಲೆಕ್ಕದ ಮೇಲೆ ದೊರೆಯುವದು. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಅಂಥ ತಾಯಿಯು ಅಂದಿನ ಕೂಲಿಯ ಒಂದು ಪಾಲನ್ನು ಕಳಕೊಂಡು ಬರಬೇಕು. ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರಖಾನೆಗಳ ಹಂಗಾಮು ಮೊದಲಾದರೆ ಪಾಲಕರಿಗೆ ಬಿಡುವಿಲ್ಲ. ಪರಊರುಗಳಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಮಕ್ಕಳಾದರೋ ಈ ಸಾಲೆಯ ಹಾಜರಿ ಪಟ್ಟಿಯಲ್ಲಿಯೂ ಇಲ್ಲ, ತಮ್ಮ ಊರಿನ ಸಾಲೆಯಲ್ಲಿಯೂ ಇಲ್ಲ. ಅವರ ಪರವಾಗಿ ಮಾತನಾಡುವ ಸಭಾಸದನು ಯಾವ ಸಮಿತಿಯಲ್ಲಿಯೂ ಇರುವದಿಲ್ಲ. ತೋಟದ ಸಾಲೆಗಳಲ್ಲಿ ಸಭಾಸದರು ಒಂದೆರಡು ಮನೆತನಗಳವರೇ ಆಗುವ ಸಂಭವವುಂಟು. ಅಲ್ಲಿ ಅಣ್ಣತಮ್ಮಂದಿರ ಬಾಂದಿನ ಜಗಳವು ಸಾಲೆಯ ಸಭೆಗೂ ಬರಬಹುದು, ಹಾಗೆಯೇ ಒಂದೇ ಮಾತಿನಲ್ಲಿ ಸಾಲೆಯ ಬಾವಿಯೂ ಬೇಲಿಯೂ ಆಗಿಬಿಡಬಹುದು. ಮರಾಠೀ ಉರ್ದೂ ಸಾಲೆಗಳ ಪಾಲಕರಿಗೆ ಮತ್ತೊಂದು ತೊಡಕು: ಖಾತೆಯ ಪತ್ರವ್ಯವಹಾರವು ಕನ್ನಡದಲ್ಲಿ ನಡೆಯುವದು. ಓದಿ ಹೇಳುವವರಿಲ್ಲದಿದ್ದರೆ ಅವರ ಸಮಿತಿಯು ಮುಖ್ಯಾಧ್ಯಾಪಕರ ಬಾಯಿಂದ ಬಂದದ್ದನ್ನೇ ನಂಬಬೇಕು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಮಕ್ಕಳಿಗಾಗಿ ಕೇಳಿದ ನ್ಯಾಯವನ್ನು ನೆನೆಯುವವರು ಈ ಪಾಲಕರ ಸಂಕಟವನ್ನೂ ಅರಿಯಬಲ್ಲರು.

ಸಮಿತಿಯ ಬಲಕ್ಕೆ ಒಂದು ಮೇರೆಯೂ ಇದೆ. ಶಿಕ್ಷಕರ ನೇಮಕವೂ ಬದಲಿಯೂ ಅದರ ಕೈಯಲ್ಲಿಲ್ಲ. ೨೦೦೭ರ ಬದಲಿಯ ಕಾಯದೆಯೂ ಅದರ ಸ್ಥಾನದಲ್ಲಿ ಬಂದ ೨೦೨೦ರ ಕಾಯದೆಯೂ ಅದನ್ನು ಖಾತೆಯ ಗೊತ್ತಾದ ಕ್ರಮಕ್ಕೆ ಒಳಪಡಿಸಿದವು. ಹಳೆಯ ಸ್ಕೂಲ್ ಬೋರ್ಡಗಳ ಕಾಲವನ್ನು ಬಲ್ಲವರು ಇದರಲ್ಲಿ ಹಿತವನ್ನೇ ಕಾಣುವರು. ಊರಿನ ಪಕ್ಷಪಂಗಡಗಳಿಗೆ ಶಿಕ್ಷಕನು ಬಲಿಯಾಗಲಾರನು. ಆದರೆ ಜಾಗವು ಖಾಲಿಯುಳಿದರೆ ಸಮಿತಿಯು ಅರ್ಜಿಯ ಮೇಲೆ ಅರ್ಜಿಯನ್ನು ಬರೆಯಬಹುದೇ ಹೊರತು ಬೇರೇನೂ ಮಾಡಲಾರದು. ಅತಿಥಿ ಶಿಕ್ಷಕರನ್ನು ಅಲ್ಪ ಗೌರವಧನದ ಮೇಲೆ ಗೊತ್ತುಮಾಡುವ ರೂಢಿಯು ಈ ಕೊರತೆಯಿಂದಲೇ ಬಂದದ್ದು. ಪರದೇಶಗಳಲ್ಲಿ ಇದಕ್ಕಿಂತ ಮುಂದೆ ಹೋದವರಿದ್ದಾರೆ. ನ್ಯೂಝೀಲಂಡದಲ್ಲಿ ೧೯೮೯ರಿಂದ ಪಾಲಕರು ಆರಿಸಿದ ಮಂಡಳಿಯೇ ಮುಖ್ಯಾಧ್ಯಾಪಕರನ್ನು ನೇಮಿಸುವದು. ಅಂತರ್ಯುದ್ಧದಿಂದ ನೊಂದ ಎಲ್ ಸಾಲ್ವಡೋರದಲ್ಲಿ ೧೯೯೧ರಿಂದ ಹಳ್ಳಿಯ ಪಾಲಕರ ಸಂಘಗಳಿಗೆ ಶಿಕ್ಷಕರನ್ನು ವರ್ಷದ ಕರಾರಿನ ಮೇಲೆ ನೇಮಿಸುವ ಅಧಿಕಾರವನ್ನು ಕೊಟ್ಟಿದ್ದರು. ಸಾಲೆಯಿಲ್ಲದ ಹಳ್ಳಿಗಳಿಗೆ ಅದರಿಂದ ಸಾಲೆ ಬಂದಿತು, ಆದರೆ ನೌಕರಿಯ ಭದ್ರತೆಯಿಲ್ಲವೆಂದು ಶಿಕ್ಷಕರ ಸಂಘಗಳು ಅದನ್ನು ವಿರೋಧಿಸಿದವು. ಕರ್ನಾಟಕವು ಹಿಡಿದದ್ದು ನಡುವಣ ದಾರಿ: ನೋಡುವ ಕೇಳುವ ಹಕ್ಕು ಪಾಲಕರಿಗೆ, ನೇಮಿಸುವ ಅಧಿಕಾರ ಸರಕಾರಕ್ಕೆ.

ಈ ನೋಡುವ ಕೇಳುವ ಹಕ್ಕು ಎಷ್ಟು ಬೆಲೆಯುಳ್ಳದ್ದೆಂಬದನ್ನು ಅರಿಯಲು ೨೦೧೯ರ ಆಗಸ್ಟ ತಿಂಗಳನ್ನು ನೆನೆಯಬೇಕು. ಆಗ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಯಡೂರು, ಮಾಂಜರಿ, ಇಂಗಳಿ, ಜುಗುಳ, ದರೂರು, ಕುಡಚಿ ಮೊದಲಾದ ಊರುಗಳ ಸೀಮೆಯನ್ನೆಲ್ಲ ಆವರಿಸಿದವು. ೨೦೦೫ರಲ್ಲಿ ಕಂಡ ಮಹಾಪೂರವನ್ನು ಮರೆಯುವಷ್ಟರಲ್ಲಿ ಇದು ಬಂದಿತು. ೨೦೨೧ರ ಜುಲೈದಲ್ಲಿ ನೀರು ಮತ್ತೊಮ್ಮೆ ಏರಿತು. ದಡದ ಸಾಲೆಗಳಲ್ಲಿ ನೀರು ಹೊಕ್ಕಿತು. ಎತ್ತರದ ಸಾಲೆಗಳು ನಿರಾಶ್ರಿತರ ಬಿಡಾರಗಳಾದವು. ನೀರಿಳಿದ ಮೇಲೆ ಕೆಸರನ್ನು ಬಳಿದು, ಹಸಿಗೋಡೆಯ ಕೋಣೆಯಲ್ಲಿ ಮಕ್ಕಳನ್ನು ಕೂಡ್ರಿಸಬೇಕೋ ಬೇಡವೋ ಎಂಬದನ್ನು ಆ ಕ್ಷಣಕ್ಕೆ ನಿರ್ಣಯಿಸಬೇಕಾದವರು ಬೆಂಗಳೂರಿನಲ್ಲಿರಲಿಲ್ಲ, ಬೆಳಗಾವಿಯಲ್ಲಿಯೂ ಇರಲಿಲ್ಲ. ಅದು ಊರಿನಲ್ಲಿದ್ದ ಮುಖ್ಯಾಧ್ಯಾಪಕರ ಮತ್ತು ಪಾಲಕರ ಮೇಲೆ ಬಿದ್ದ ಹೊಣೆ. ಅದರ ಮರುವರ್ಷವೇ ಮಹಾಮಾರಿಯಿಂದ ಸಾಲೆಗಳೆಲ್ಲ ಮುಚ್ಚಿದವು. ೨೦೨೦ರ ಆಗಸ್ಟದಿಂದ ಅಕ್ಟೋಬರದ ವರೆಗೆ ನಡೆದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಓಣಿಗೆ ಬಂದು ಗುಡಿಯ ಕಟ್ಟೆ, ಮಠದ ಅಂಗಳ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಅಂಥ ಜಾಗವನ್ನು ಹುಡುಕಿಕೊಡುವದು, ಮಕ್ಕಳನ್ನು ದೂರದೂರ ಕೂಡ್ರಿಸುವದು ಊರಿನವರ ಸಹಾಯವಿಲ್ಲದೆ ಆಗುವ ಕೆಲಸವಾಗಿರಲಿಲ್ಲ.

ಇಂದು ಈ ಸಾಲೆಗಳ ಮುಂದಿರುವ ಸಂಕಟವು ನೆರೆಗಿಂತ ನಿಧಾನವಾದದ್ದು. ಕೈಯಲ್ಲಿ ನಾಲ್ಕು ಕಾಸಿದ್ದವರು ಮಕ್ಕಳನ್ನು ಇಂಗ್ಲಿಷ ಮಾಧ್ಯಮದ ಖಾಸಗೀ ಸಾಲೆಗಳ ಹಳದಿ ಬಸ್ಸಿಗೆ ಹತ್ತಿಸುತ್ತಿದ್ದಾರೆ. ಹಾಗೆ ಹೋದವರು ಪಾಲಕರ ಪಟ್ಟಿಯಿಂದಲೂ ಹೋಗುತ್ತಾರೆ. ಅವರೊಡನೆ ಅರ್ಜಿ ಬರೆಯಬಲ್ಲ, ಅಧಿಕಾರಿಗಳೊಡನೆ ವಾದಿಸಬಲ್ಲ ಜನರೂ ಸಮಿತಿಯಿಂದ ಹೊರಬೀಳುತ್ತಾರೆ. ಉಳಿಯುವವರು ಕೂಲಿಕಾರರು, ಸಣ್ಣ ಒಕ್ಕಲಿಗರು, ಬೀಡಿ ಕಟ್ಟುವ ತಾಯಂದಿರು. ಮಕ್ಕಳ ಸಂಖ್ಯೆ ಇಳಿದಂತೆ ಶಿಕ್ಷಕರ ಸಂಖ್ಯೆಯೂ ಇಳಿದು, ಕೊನೆಗೆ ಸಾಲೆಯನ್ನು ಬೇರೊಂದರಲ್ಲಿ ವಿಲೀನ ಮಾಡುವ ಮಾತು ಬರುವದು. ಆ ಹೊತ್ತಿಗೆ ಊರಿನ ಪರವಾಗಿ ನಿಲ್ಲಬೇಕಾದ ಸಮಿತಿಯು ಹೆಸರಿಗೆ ಮಾತ್ರ ಉಳಿದಿದ್ದರೆ, ತಕರಾರು ಹೇಳುವವರೇ ಇರಲಾರರು. ತೋಟದ ಸಾಲೆಯೊಂದು ಮುಚ್ಚಿದರೆ ಆರು ವರ್ಷದ ಮಗುವು ಕಬ್ಬಿನ ಹೊಲಗಳ ನಡುವೆ ದೂರದ ಊರಿಗೆ ನಡೆಯಬೇಕಾಗುವದು. ಹೆಣ್ಣುಮಗುವಾದರೆ ಅವಳ ವಿದ್ಯೆಯು ಅಲ್ಲಿಗೇ ನಿಲ್ಲುವ ಭಯವೂ ಉಂಟು.

ಇಲ್ಲಿಯ ವರೆಗಿನ ಇತಿಹಾಸದಿಂದ ತಿಳಿಯುವದಿಷ್ಟು. ವರ್ಗಣಿಯ ಕಾಲದಲ್ಲಿ ಊರಿಗೆ ಭಾರವಿತ್ತು, ಅಧಿಕಾರವಿರಲಿಲ್ಲ; ಸಾಲೆಯು ನಿಲ್ಲಲಿಲ್ಲ. ಆಣೆಪಟ್ಟಿಯ ಕಾಲದಲ್ಲಿ ಸಾಲೆಯು ನಿಂತಿತು, ಆದರೆ ಊರಿನದಾಗಿ ಉಳಿಯಲಿಲ್ಲ. ಬೋರ್ಡಗಳ ಕಾಲದಲ್ಲಿ ಅಧಿಕಾರವು ಪಾಲಕರನ್ನು ದಾಟಿ ಮುಂದೆ ಹೋಯಿತು. ೨೦೦೧ರಿಂದೀಚೆಗೆ ಭಾರವೂ ಅಧಿಕಾರವೂ ಸಣ್ಣ ಪ್ರಮಾಣದಲ್ಲಿ ಒಂದೇ ಕೈಯಲ್ಲಿ ಕೂಡಿದವು. ಕೂಡಿದ ಕಡೆಯಲ್ಲಿ ಕೋಣೆ, ಊಟ, ಹಾಜರಿ, ಲೆಕ್ಕ ಎಂಬ ನಾಲ್ಕು ವಿಷಯಗಳಲ್ಲಿ ಆಡಳಿತವು ಸುಧಾರಿಸಿತು. ಸಮಿತಿಗೆ ದೇಣಿಗೆಯನ್ನು ಕೂಡಿಸುವ ಕೆಲಸವನ್ನಷ್ಟೇ ಹಚ್ಚಿ ಲೆಕ್ಕವನ್ನು ತೋರಿಸದೆ ಇದ್ದರೆ, ಅದು ೧೮೫೦ರ ದಶಕದ ವರ್ಗಣಿಯ ಹಿರಿಯರ ಸ್ಥಿತಿಗೇ ತಿರುಗಿ ಬರುವದು.

ಸರಕಾರದ ಅನುದಾನದಿಂದ ನಡೆಯುವ ಖಾಸಗೀ ಸಂಸ್ಥೆಗಳ ಸಾಲೆಗಳಿಗೂ ಕಾಯದೆಯ ಈ ಕಲಮು ಅನ್ವಯಿಸುತ್ತದೆಂಬದನ್ನು ಇಲ್ಲಿ ಸ್ಮರಿಸುವದು ಅಪ್ರಸ್ತುತವಾಗದು. ಈ ಪ್ರಾಂತದಲ್ಲಿ ವಿದ್ಯಾಪ್ರಸಾರಕ್ಕಾಗಿ ಮಠಗಳೂ ಸಂಘಗಳೂ ಮಾಡಿದ ತ್ಯಾಗವು ದೊಡ್ಡದು. ೧೯೧೬ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಸಪ್ತರ್ಷಿಗಳ ಹೆಸರುಗಳು ಮನೆಮಾತಾಗಿವೆ. ಕಟ್ಟಿದವರ ಮನ್ನಣೆಯು ಕಟ್ಟಿದವರಿಗೆ ಸಲ್ಲಲೇಬೇಕು. ಆದರೂ ಓದುವ ಮಗುವಿನ ತಾಯಿಯು ಆಡಳಿತ ಮಂಡಳಿಯ ಮುಂದೆ ನಿಂತು ಸಾಲೆಯ ಸ್ಥಿತಿಯನ್ನು ಕೇಳಿದಾಗ, ಅವಳು ಕೇಳಬಾರದ್ದನ್ನು ಕೇಳಿದಳೆಂದು ಯಾರೂ ಭಾವಿಸಕೂಡದು. ಕುಡಚಿಯ ಉರ್ದೂ ಸಾಲೆಯ ತಂದೆಗೂ, ನಿಪ್ಪಾಣಿಯ ಮರಾಠೀ ಸಾಲೆಯ ತಾಯಿಗೂ, ಅಥಣಿಯ ತೋಟದ ಸಾಲೆಯ ಅಜ್ಜಿಗೂ ಅವರವರ ಮಾತಿನಲ್ಲಿ ಠರಾವನ್ನು ಓದಿ ಹೇಳಿ, ಅವರ ಕೂಲಿಗೆ ಧಕ್ಕೆ ಬಾರದ ಹೊತ್ತಿನಲ್ಲಿ ಸಭೆಯನ್ನು ಕೂಡಿಸಿ, ಖರ್ಚಿನ ಪುಸ್ತಕವನ್ನು ಅವರ ಮುಂದೆ ತೆರೆದಿಡುವ ಸುದಿನವು ಈ ಐದು ತಾಲೂಕುಗಳ ಪ್ರತಿಯೊಂದು ಸಾಲೆಗೂ ಬರಲಿ.